ನಲವತ್ತೊಂದನೇ ನಂಬರಿನ ಟ್ಯೂಬು

ನನ್ನ ಕೆಲಸ ತಪ್ಪು ಹುಡುಕುವುದು. ಹಾಗೆಂದರೆ ನೆಂಟರು ನಗುತ್ತಾರೆ, ಅದಕ್ಕೂ ಸಂಬಳ ಕೊಡ್ತಾರಾ, ನಾವು ಪುಕ್ಕಟೆ ಮಾಡ್ತೀವಲ್ಲ ಎನ್ನುತ್ತಾರೆ. ಬಟ್ಟೆ ಕಾರ್ಖಾನೆಯ ಮೂರನೇ ಮಹಡಿಯಲ್ಲಿ ಮೆಟ್ಟಿಲಿಗೆ ಎದುರಾಗಿ ನನ್ನ ಚೆಕಿಂಗ್ ಟೇಬಲ್ ಇದೆ. ಲೈನಿನಲ್ಲಿ ಹೊಲಿದು ಮುಗಿದ ಅಂಗಿಗಳು ಅಲ್ಲಿಗೆ ಬಂದು ಬೀಳುತ್ತವೆ. ಕಾಲರ್ ಎಳೆದು, ಕಫ್ ತಿರುಗಿಸಿ, ಗುಂಡಿ ಹಾಕಿ ತೆಗೆದು ನೋಡುತ್ತೇನೆ. ಸರಿಯಿದ್ದರೆ ಮುಂದಕ್ಕೆ, ಇಲ್ಲದಿದ್ದರೆ ಕೆಂಪು ಸ್ಟಿಕ್ಕರ್ ಅಂಟಿಸಿ ಹಿಂದಕ್ಕೆ. ಇಪ್ಪತ್ತೆರಡು ವರ್ಷದಿಂದ ಇದೇ. ಎಲ್ಲರೂ ನನ್ನನ್ನು ಚೆಕಿಂಗಮ್ಮ ಎನ್ನುತ್ತಾರೆ. ಬೆನ್ನ ಹಿಂದೆ ಬೇರೆ ಏನೋ ಅನ್ನುತ್ತಾರಂತೆ, ಅದನ್ನು ಕೇಳಿಸಿಕೊಳ್ಳಲು ನಾನು ಹೋಗಿಲ್ಲ. ನನ್ನ ಕಣ್ಣು ತಪ್ಪಿಸಿ ಒಂದು ನೂಲೂ ಹೋಗುವುದಿಲ್ಲ ಎಂಬ ಜಂಬ ನನಗಿತ್ತು. ಕಾಜಾ ಅಕ್ಕನ ವಿಷಯದಲ್ಲಿ ಅದು ಮಣ್ಣುಪಾಲಾಯಿತು. ಅವಳ ಜೀವಕ್ಕೆ ಕುತ್ತು ತಂದ ತಪ್ಪು ನನ್ನ ಟೇಬಲಿನ ಮುಂದೆಯೇ ಹಾದುಹೋಯಿತು, ನಾನು ತಲೆ ಎತ್ತಿ ನೋಡಿ ಮತ್ತೆ ಕೆಲಸಕ್ಕೆ ತಲೆ ಬಗ್ಗಿಸಿದೆ.

ಕಾಜಾ ಅಕ್ಕ ನಲವತ್ತೊಂದನೇ ನಂಬರಿನವಳು. ಅಂಗಿಗೆ ಗುಂಡಿ ತೂರಿಸುವ ತೂತಿದೆಯಲ್ಲ, ಅದರ ಸುತ್ತ ಒತ್ತಾಗಿ ಹೊಲಿಗೆ ಹಾಕುವುದೇ ಕಾಜಾ. ಅವಳು ಆ ಮಿಷನ್ನಿಗೆ ಕೂತು ಮೂವತ್ತು ವರ್ಷವಾಗಿತ್ತು. ಒಂದು ಅಂಗಿಗೆ ಏಳು ಕಾಜಾ, ಏಳೂ ಒಂದೇ ತಾಯಿಯ ಮಕ್ಕಳು ಎನ್ನುವ ಹಾಗೆ. ಟಿಕೆಟ್ ನೋಡದೆ ಹೊಲಿಗೆ ಮುಟ್ಟಿಯೇ ನಾನು ಅದು ಅವಳದು ಎಂದು ಹೇಳಬಲ್ಲೆ. ದಪ್ಪ ಮೈ, ದೊಡ್ಡ ನಗು, ಏಪ್ರನ್ನಿನ ಜೇಬಿನಲ್ಲಿ ಯಾವಾಗಲೂ ಒಂದಿಷ್ಟು ಪೆಪ್ಪರ್‌ಮಿಂಟು. ಸೂಪರ್‌ವೈಸರ್ ಕೂಗಾಡಿದರೆ ಅವನಿಗೂ ಒಂದು ಕೊಟ್ಟು, "ಬಾಯಿಗೆ ಹಾಕ್ಕೊಳ್ಳಿ ಸಾರ್, ಗಂಟಲು ಒಣಗಿರುತ್ತೆ" ಎನ್ನುವಳು. ಗಂಡ ಲಾರಿ ಓಡಿಸುತ್ತಿದ್ದ, ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಮಕ್ಕಳಾಗಿರಲಿಲ್ಲ. ಆ ಕೊರತೆಯ ಮಾತು ಯಾರಾದರೂ ತೆಗೆದರೆ, "ನನಗೆ ಒಬ್ಬಳಿದ್ದಾಳಲ್ಲ, ಸಾಕಾಗಿ ಹೋಗಿದೆ" ಎಂದು ಲೈನಿನ ತುದಿಗೆ ಬೆರಳು ತೋರಿಸುವಳು.

ಅಲ್ಲಿ ಅವಳ ತಂಗಿ ಕೂರುತ್ತಿದ್ದಳು. ತಾಯಿ ತೀರಿಕೊಂಡಾಗ ಅಕ್ಕನಿಗೆ ಹತ್ತೊಂಬತ್ತು, ತಂಗಿಗೆ ಎಂಟು. ಜಡೆ ಹಾಕಿದ್ದು, ಜ್ವರಕ್ಕೆ ಒದ್ದೆ ಬಟ್ಟೆ ಇಟ್ಟದ್ದು, ಮದುವೆ ಮಾಡಿ ಎರಡು ಬೀದಿ ಆಚೆ ಮನೆ ಹುಡುಕಿ ಕೊಟ್ಟದ್ದು ಎಲ್ಲ ಅಕ್ಕನೇ. ನಲವತ್ತರ ಹೆಂಗಸನ್ನು ಅವಳು ಇನ್ನೂ ಪುಟ್ಟಿ ಎಂದೇ ಕರೆಯುತ್ತಿದ್ದಳು. ಪುಟ್ಟಿಗೆ ಈ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದವಳೂ ಅವಳೇ.

ನಮ್ಮ ಲೈನಿನಲ್ಲಿ ಒಂದು ರೂಢಿಯಿದೆ. ಇಪ್ಪತ್ತು ಅಂಗಿಗೆ ಒಂದು ಬಂಡಲ್, ಒಂದೊಂದು ಬಂಡಲ್ಲಿಗೂ ಒಂದು ಟಿಕೆಟ್. ಹೊಲಿದವಳು ಆ ಟಿಕೆಟ್ಟಿನ ಮೇಲೆ ತನ್ನ ನಂಬರ್ ಬರೆಯಬೇಕು, ಸಂಜೆಗೆ ಯಾರ ನಂಬರಿಗೆ ಎಷ್ಟು ಬಂಡಲ್ ಆಗಿದೆ ಎಂದು ಸೂಪರ್‌ವೈಸರ್ ನೋಡುತ್ತಾನೆ. ಯಾರಿಗಾದರೂ ಮೈ ಸರಿಯಿಲ್ಲ, ಕೈ ಓಡುತ್ತಿಲ್ಲ ಎಂದರೆ ಪಕ್ಕದವಳು ಒಂದು ಬಂಡಲ್ ಹೊಲಿದು ಅವಳ ನಂಬರ್ ಬರೆದುಬಿಡುತ್ತಾಳೆ. ಇದಕ್ಕೆ ನಾವು ಟಿಕೆಟ್ ತುಂಬುವುದು ಎನ್ನುತ್ತೇವೆ. ಪುಟ್ಟಿ ಹೊಸದಾಗಿ ಬಂದಾಗ ದಿನಕ್ಕೆ ಎರಡು ಬಂಡಲ್ ಹಿಂದೆ ಬೀಳುತ್ತಿದ್ದಳು, ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಅಕ್ಕ ಊಟದ ಹೊತ್ತಿನಲ್ಲಿ ತಂಗಿಯ ಮಿಷನ್ನಿಗೆ ಕೂತು ಕಫ್ ಹೊಲಿದು ಟಿಕೆಟ್ ತುಂಬುತ್ತಿದ್ದಳು.

"ಅಳ್ಬೇಡ್ವೇ. ಟಿಕೆಟ್ ತುಂಬಿದ್ರಾಯ್ತು, ಕೈ ಯಾರದ್ದಾದ್ರೇನು?" ಎಂದು ಅವಳು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಹೊಲಿಗೆ ನೋಡಿದರೆ ಯಾರ ಕೈ ಎಂದು ನನಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ಬಾಯಿ ಬಿಡುತ್ತಿರಲಿಲ್ಲ. ಅಂಗಿ ಸರಿಯಿದ್ದರೆ ಆಯಿತು, ನಂಬರಿನ ಉಸಾಬರಿ ನನಗೇಕೆ ಎಂದುಕೊಂಡಿದ್ದೆ.

ಇಂಥ ಲೈನಿಗೆ ಒಂದು ದಿನ ನರ್ಸಮ್ಮ ಬಂದಳು. ಸಣಕಲು ಹೆಂಗಸು, ಹೆಗಲಿಗೆ ಅವಳಿಗಿಂತ ಭಾರದ ಚೀಲ. ಮಿಷನ್ನುಗಳನ್ನು ಹತ್ತು ನಿಮಿಷ ನಿಲ್ಲಿಸಿ ನಮ್ಮನ್ನೆಲ್ಲ ಗುಡ್ಡೆ ಹಾಕಿದರು, ಸೂಪರ್‌ವೈಸರನನ್ನು ಆಚೆ ಕಳಿಸಿದರು. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರ್ ವಿಷಯ ಅವಳು ಸುತ್ತಿ ಬಳಸದೆ ಹೇಳಿದಳು. ಅದು ಬರುವ ಮೊದಲು ಒಂದು ವೈರಸ್ ವರ್ಷಾನುಗಟ್ಟಲೆ ಒಳಗೆ ಸುಮ್ಮನೆ ಕೂತಿರುತ್ತದಂತೆ. ಆಗಲೇ ಹಿಡಿದರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯುತ್ತದಂತೆ. "ಇದು ಯಾರ ನಡತೆ ಪ್ರಶ್ನೆನೂ ಅಲ್ಲ. ಮದುವೆಯಾದ ಯಾರಿಗೆ ಬೇಕಾದ್ರೂ ಇರ್ಬಹುದು, ನನಗೂ ಇರ್ಬಹುದು" ಎಂದಳು.

ಡಾಕ್ಟರ ಮುಂದೆ ಕಾಲು ಅಗಲಿಸಿ ಮಲಗಬೇಕು ಎಂಬ ಹೆದರಿಕೆಗೇ ನಮ್ಮಲ್ಲಿ ಯಾರೂ ಈ ಪರೀಕ್ಷೆಗೆ ಹೋದವರಲ್ಲ. ನರ್ಸಮ್ಮ ಚೀಲದಿಂದ ಒಂದು ಪೊಟ್ಟಣ ತೆಗೆದು ತೋರಿಸಿದಳು. ಉದ್ದ ಕಡ್ಡಿಯ ತುದಿಗೆ ಮೆತ್ತನೆ ಬ್ರಷ್ಷು, ಜೊತೆಗೆ ಒಂದಿಷ್ಟು ದ್ರವ ಇರುವ ಪುಟ್ಟ ಟ್ಯೂಬು. ಯಾರೂ ನೋಡಬೇಕಿಲ್ಲ, ಯಾರೂ ಮುಟ್ಟಬೇಕಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಬ್ರಷ್ಷನ್ನು ಮೆಲ್ಲಗೆ ಒಳಗೆ ಸರಿಸಿ, ಐದು ಸುತ್ತು ತಿರುಗಿಸಿ, ತೆಗೆದು ಟ್ಯೂಬಿನೊಳಗಿಟ್ಟು ಮುಚ್ಚಳ ಬಿಗಿದು ನಂಬರಿನ ಚೀಟಿ ಅಂಟಿಸಿದರೆ ಮುಗಿಯಿತು.

"ಇಷ್ಟೇನಾ? ಬಾಬಿನ್‌ಗೆ ದಾರ ಸುತ್ತೋದೇ ಇದಕ್ಕಿಂತ ಕಷ್ಟ" ಎಂದಳು ಕಾಜಾ ಅಕ್ಕ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಗುವಿನಲ್ಲಿ ಅರ್ಧ ಹೆದರಿಕೆ ಹೋಯಿತು.

ನರ್ಸಮ್ಮ ನಗು ನಿಲ್ಲುವವರೆಗೆ ಕಾದು ಬೆರಳೆತ್ತಿ ಹೇಳಿದಳು: "ಒಂದೇ ಮಾತು ನೆನಪಿಟ್ಕೊಳ್ಳಿ. ನಿಮ್ಮದು ನೀವೇ ತೆಗೀಬೇಕು. ಬ್ರಷ್ ಕೆಳಗೆ ಬಿತ್ತು, ಟ್ಯೂಬ್ ಚೆಲ್ತು, ಏನೇ ಆಗ್ಲಿ ನನಗೆ ಹೇಳಿ. ಇನ್ನೊಂದು ಕೊಡ್ತೀನಿ. ಚೀಲದ ತುಂಬ ಇದೆ, ಯಾರನ್ನೂ ಬೈಯೋದಿಲ್ಲ."

ಇಷ್ಟು ಬಿಡಿಸಿ ಹೇಳಿದ ಮೇಲೆ ಇನ್ನು ಹೇಗೆ ಹೇಳಬೇಕಿತ್ತು?

ಆಗ ಪುಟ್ಟಿ ಲೈನ್ ಲೀಡರ್ ಆಗಿ ಎರಡು ತಿಂಗಳಾಗಿತ್ತು. ತೋಳಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಓಡಾಡುವಳು. ಅವಳ ಕೈಗೆ ಲೈನ್ ಕೊಟ್ಟದ್ದು ಸೂಪರ್‌ವೈಸರನಿಗೆ ಇಷ್ಟವಿರಲಿಲ್ಲ, ಯಾವಾಗ ಮುಗ್ಗರಿಸುತ್ತಾಳೋ ಎಂದು ಕಾಯುತ್ತಿದ್ದ. ಮೂವತ್ತೆಂಟು ಹೆಂಗಸರಿಂದ ಟ್ಯೂಬ್ ಇಸಿದುಕೊಂಡು ಟ್ರೇಯಲ್ಲಿಟ್ಟು ಕೆಳಗೆ ನರ್ಸಮ್ಮನ ಮೇಜಿಗೆ ಮುಟ್ಟಿಸುವ ಕೆಲಸ ಅವಳದಾಯಿತು. ಆವತ್ತು ಕೆಲಸಕ್ಕೆ ಬಂದವರಲ್ಲಿ ಯಾವ ಲೈನು ನೂರಕ್ಕೆ ನೂರು ಮಾಡುತ್ತದೋ ಅದರ ಲೀಡರ್ ಹೆಸರು ಬೋರ್ಡಿಗೆ ಬರುತ್ತದೆ ಎಂದು ಮ್ಯಾನೇಜರ್ ಬೇರೆ ಹೇಳಿಹೋಗಿದ್ದ.

ಬಚ್ಚಲಿಗೆ ಹೋಗಲು ನಮ್ಮಲ್ಲಿ ಟೋಕನ್ ಇದೆ. ಲೈನಿಗೆ ಒಂದೇ ಒಂದು ಮರದ ಬಿಲ್ಲೆ, ನನ್ನ ಟೇಬಲಿನ ಪಕ್ಕದ ಮೊಳೆಗೆ ನೇತಾಡುತ್ತಿರುತ್ತದೆ. ಆವತ್ತು ಅದು ಮೊಳೆಗೆ ಬರುವ ಮೊದಲೇ ಇನ್ನೊಂದು ಕೈಗೆ ಹೋಗುತ್ತಿತ್ತು. ನಾನೂ ಹೋಗಿಬಂದೆ. ಕಾಜಾ ಅಕ್ಕನ ಸರದಿ ಬಂದಾಗ ಅವಳ ಮುಂದೆ ತುರ್ತು ಆರ್ಡರಿನ ಬಂಡಲ್ಲುಗಳು ಎದೆಮಟ್ಟ ಇದ್ದವು. ಓಡಿಹೋಗಿ ಓಡಿಬಂದಳು. ನಲವತ್ತೊಂದು ಎಂದು ಬರೆದ ಟ್ಯೂಬನ್ನು ತಂಗಿಯ ಟ್ರೇಗೆ ಹಾಕಿ, "ಜೋಪಾನ ಕಣೇ, ಅದರಲ್ಲಿ ನಿನ್ನ ಅಕ್ಕ ಇದ್ದಾಳೆ" ಎಂದು ಮಿಷನ್ನಿಗೆ ಕೂತಳು.

ಪುಟ್ಟಿ ಟ್ರೇ ಹಿಡಿದು ಮೆಟ್ಟಿಲಿಳಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ ಬಂದಳು, ಟ್ರೇ ಕೈಯಲ್ಲೇ ಇತ್ತು. ಮೊಳೆಯಿಂದ ಟೋಕನ್ ತೆಗೆದುಕೊಂಡಳು. ಅವಳದು ಬೆಳಿಗ್ಗೆಯೇ ಆಗಿತ್ತು, ಎಲ್ಲರಿಗಿಂತ ಮೊದಲು ಹೋಗಿಬಂದು ಧೈರ್ಯ ತುಂಬಿದವಳು ಅವಳೇ.

"ಮತ್ತೆ ಯಾಕೆ?" ಎಂದೆ.

"ಹೊಟ್ಟೆ ಸರಿ ಇಲ್ಲ ಚೆಕಿಂಗಮ್ಮ" ಎಂದಳು. ಮುಖ ಬಿಳಿಚಿಕೊಂಡಿತ್ತು. ಟ್ರೇಯನ್ನು ಬಚ್ಚಲಿಗೆ ಯಾಕೆ ಒಯ್ದಳು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಮುಂದಿದ್ದ ಅಂಗಿಯ ಕಾಲರ್ ಎಳೆದು ನೋಡಿದೆ.

ಮೂರು ವಾರಕ್ಕೆ ರಿಪೋರ್ಟ್ ಬಂತು. ಲಕೋಟೆಯೊಳಗೆ ಒಬ್ಬೊಬ್ಬರಿಗೆ ಒಂದು ಕಾಗದ. ಇಬ್ಬರಿಗೆ ಮಾತ್ರ ಇನ್ನೊಮ್ಮೆ ಆಸ್ಪತ್ರೆಗೆ ಬಂದು ತೋರಿಸಿಕೊಳ್ಳಿ ಎಂದಿತ್ತು. ಅದರಲ್ಲಿ ಒಬ್ಬಳು ಕಾಲರ್ ಹೊಲಿಯುವ ಹುಡುಗಿ, ಅಲ್ಲೇ ನೆಲಕ್ಕೆ ಕುಸಿದಳು. ಕಾಜಾ ಅಕ್ಕ ಅವಳ ಬೆನ್ನು ಸವರಿ, ಪೆಪ್ಪರ್‌ಮಿಂಟು ಕೊಟ್ಟು, ರಜೆ ಹಾಕಿ ಜೊತೆಗೆ ಆಸ್ಪತ್ರೆಗೂ ಹೋಗಿಬಂದಳು. ಅವರಿಬ್ಬರಿಗೂ ಒಂದೇ ದಿನದ ಚಿಕಿತ್ಸೆಯಾಯಿತು. ಇವತ್ತಿಗೂ ನನ್ನ ಕಣ್ಣ ಮುಂದೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರೆ. ಕಾಜಾ ಅಕ್ಕನ ಕಾಗದದಲ್ಲಿ ಏನೂ ತೊಂದರೆ ಕಂಡುಬಂದಿಲ್ಲ ಎಂದಿತ್ತು. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಮಿಷನ್ನಿನ ಡ್ರಾಯರ್‌ನಲ್ಲಿ ಇಟ್ಟುಕೊಂಡಳು. ಬೋರ್ಡಿನ ಮೇಲೆ ಪುಟ್ಟಿಯ ಹೆಸರು ಬಂತು. ಅಕ್ಕ ಅದನ್ನು ದಿನಕ್ಕೊಮ್ಮೆ ಹೋಗಿ ಓದಿ ಬರುವಳು.

ಏಳು ತಿಂಗಳು ಕಳೆದಿರಬೇಕು. ಊಟದ ಹೊತ್ತಿಗೆ ನಾವು ಮೂವರೂ ಸಿಂಕಿನ ಹತ್ತಿರ ಕೈ ತೊಳೆಯುತ್ತಿದ್ದೆವು. ಅಕ್ಕ ನಲ್ಲಿ ಜೋರಾಗಿ ಬಿಟ್ಟಳು, ನೀರಿನ ಸದ್ದಿನಲ್ಲಿ ಬೇರೆಯವರಿಗೆ ಕೇಳಿಸದಿರಲಿ ಎಂದು.

"ಪುಟ್ಟಿ, ನನಗೆ ಮುಟ್ಟು ನಿಂತು ಎರಡು ವರ್ಷ ಆಗಿತ್ತಲ್ವಾ. ಈಗ ಮತ್ತೆ ಕಾಣಿಸ್ಕೊಳ್ತಿದೆ ಕಣೇ. ಆವಾಗಾವಾಗ. ಡಾಕ್ಟರ ಹತ್ರ ಹೋಗ್ಲಾ?"

ಪುಟ್ಟಿ ಸೋಪು ಉಜ್ಜುತ್ತಲೇ ಇದ್ದಳು. ಬಹಳ ಹೊತ್ತು ಉಜ್ಜಿದಳು.

"ರಿಪೋರ್ಟ್ ಚೆನ್ನಾಗೇ ಬಂದಿತ್ತಲ್ಲಕ್ಕ. ವಯಸ್ಸಿಂದಿರುತ್ತೆ. ಕೆಲವರಿಗೆ ಹಾಗಾಗುತ್ತೆ."

"ಹೌದಲ್ವಾ, ರಿಪೋರ್ಟ್ ಇದೆಯಲ್ಲ" ಎಂದು ಅಕ್ಕ ನನ್ನ ಕಡೆ ನೋಡಿದಳು. ನಾನೂ ಹೌದೆಂದು ತಲೆಯಾಡಿಸಿದೆ. ನಾನು ಗೊತ್ತಿಲ್ಲದೆ ತಲೆಯಾಡಿಸಿದೆ. ಆ ತಂಗಿ ಗೊತ್ತಿದ್ದು ಹೇಳಿದಳು. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಆಮೇಲೆ ಒಂದು ವರ್ಷ ಅಕ್ಕ ಆ ಕಾಗದವನ್ನೇ ನಂಬಿಕೊಂಡು ಕೂತಳು. ಸೊಂಟ ನೋವು ಎಂದಾಗಲೂ ಅದೇ, ಮೈ ಇಳಿದಾಗಲೂ ಅದೇ. ನಗು ಕಡಿಮೆಯಾಯಿತು. ಒಂದು ಮಧ್ಯಾಹ್ನ ಅವಳು ಸ್ಟೂಲಿನಿಂದ ಎದ್ದಾಗ ಅದರ ಮೇಲಿನ ದಿಂಬು ಕೆಂಪಾಗಿದ್ದದ್ದನ್ನು ನಾನು ಕಂಡೆ. ಅದನ್ನು ತಿರುವಿಹಾಕಿ, ನನ್ನ ಏಪ್ರನ್ ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿ, ಸೂಪರ್‌ವೈಸರ್ ಏನೋ ಕೇಳುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಹೆಂಗಸು, ಮಾತು ಮೃದು. ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಸ್ಕ್ಯಾನ್ ಮಾಡಿಸಿದರು. ಎರಡನೇ ಸಲ ಹೋದಾಗ ಅಕ್ಕನನ್ನು ಕೂರಿಸಿ ಹೇಳಿದರು. ಕ್ಯಾನ್ಸರ್. ಮೊದಲ ಹಂತ ದಾಟಿದೆ, ಆಪರೇಷನ್ ಮಾಡಿ ತೆಗೆಯುವ ಹಾಗಿಲ್ಲ, ಕರೆಂಟ್ ಕೊಡಬೇಕು, ಅಂದರೆ ರೇಡಿಯೇಷನ್, ಜೊತೆಗೆ ಔಷಧಿ ಏರಿಸಬೇಕು. ಗುಣವಾಗಲಾರದ್ದೇನಲ್ಲ, ಆದರೆ ಬೇಗ ಬಂದಿದ್ದರೆ ಇಷ್ಟು ಬೇಕಾಗುತ್ತಿರಲಿಲ್ಲ.

ಅಕ್ಕ ಕೈಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. "ಏನೂ ಇಲ್ಲ ಅಂತ ಬಂದಿತ್ತು ಡಾಕ್ಟ್ರೇ."

ಡಾಕ್ಟರು ತಾರೀಖು ನೋಡಿದರು, ಹುಬ್ಬು ಗಂಟಿಕ್ಕಿದರು. "ಯಾವ ಪರೀಕ್ಷೆನೂ ನೂರಕ್ಕೆ ನೂರು ಅಲ್ಲಮ್ಮ. ರಿಪೋರ್ಟ್ ಏನೇ ಇರ್ಲಿ, ರಕ್ತ ಕಂಡಾಗ ಬರ್ಬೇಕಿತ್ತು. ಆದ್ರೂ ಇದು ನಿನ್ನೆ ಮೊನ್ನೇದಲ್ಲ, ಅಷ್ಟು ಹಿಂದೇನೇ ಇದ್ದಿರುತ್ತೆ. ಸಾಮಾನ್ಯವಾಗಿ ಆ ಪರೀಕ್ಷೆಗೆ ಸಿಕ್ಕಿಬೀಳ್ಬೇಕು. ನೀವೇ ತೆಗೆದ್ರಾ?"

"ನಾನೇ ತೆಗೆದೆ. ಐದು ಸುತ್ತು ತಿರುಗಿಸಿದೆ" ಎಂದಳು ಅಕ್ಕ, ಪಾಠ ಒಪ್ಪಿಸುವ ಹಾಗೆ. "ನಾನೇ ಏನೋ ತಪ್ಪು ಮಾಡಿರ್ಬೇಕು."

ಬಸ್ಸಿನಲ್ಲಿ ವಾಪಸು ಬರುವಾಗಲೂ ಅದನ್ನೇ ಹೇಳುತ್ತಿದ್ದಳು. ಆವತ್ತು ಕೆಲಸದ ಅವಸರ ಇತ್ತು, ಸರಿಯಾಗಿ ತಿರುಗಿಸಲಿಲ್ಲವೇನೋ, ಬ್ರಷ್ಷು ಸಾಕಷ್ಟು ಒಳಗೆ ಹೋಗಲಿಲ್ಲವೇನೋ. ಮೂವತ್ತು ವರ್ಷ ಒಂದು ಕಾಜಾ ತಪ್ಪದವಳು ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಅವಳ ಆ ಕೈ ನೋಡುತ್ತ ಕೂತಿದ್ದಾಗ ನನಗೆ ಮೊಳೆಯಿಂದ ಎರಡನೇ ಸಲ ಟೋಕನ್ ತೆಗೆದುಕೊಂಡ ಕೈ ನೆನಪಾಯಿತು.

ಮರುದಿನ ಊಟದ ಗಂಟೆ ಹೊಡೆದು ಲೈನ್ ಖಾಲಿಯಾದ ಮೇಲೆ ಪುಟ್ಟಿಯನ್ನು ಟೇಬಲಿನ ಹತ್ತಿರ ನಿಲ್ಲಿಸಿಕೊಂಡೆ. ಸುತ್ತಿ ಬಳಸಲಿಲ್ಲ.

"ಆವತ್ತು ಟ್ರೇ ತಗೊಂಡು ಬಚ್ಚಲಿಗೆ ಯಾಕೆ ಹೋದೆ?"

ಅವಳು ತೋಳಿನ ಹಸಿರು ಪಟ್ಟಿಯನ್ನು ಎಳೆದು ಬಿಟ್ಟು ಎಳೆದು ಬಿಟ್ಟು ಮಾಡಿದಳು. ಆಮೇಲೆ ಬಾಯಿ ಬಿಟ್ಟಳು. ಎರಡನೇ ಮಹಡಿಯ ತಿರುವಿನಲ್ಲಿ ಟ್ರೇ ವಾಲಿತು. ಒಂದೇ ಒಂದು ಟ್ಯೂಬು ಬಿತ್ತು. ಮುಚ್ಚಳ ಹಾರಿ, ದ್ರವ ಚೆಲ್ಲಿ, ಬ್ರಷ್ಷು ಮೆಟ್ಟಿಲ ಧೂಳಿನಲ್ಲಿ ಹೊರಳಿತು. ಎತ್ತಿ ನೋಡಿದರೆ ನಲವತ್ತೊಂದು. ಆವತ್ತು ರಜೆಯಲ್ಲಿದ್ದ ಇಬ್ಬರ ಪೊಟ್ಟಣ ಟ್ರೇಯಲ್ಲೇ ಮಿಕ್ಕಿದ್ದವು. ಅದರಲ್ಲೊಂದನ್ನು ಒಡೆದು, ತನ್ನದನ್ನೇ ಇನ್ನೊಮ್ಮೆ ತೆಗೆದು, ಅಕ್ಕನ ನಂಬರ್ ಅಂಟಿಸಿದಳು.

"ಆ ಪೊಟ್ಟಣ ಅಕ್ಕನ ಕೈಗೆ ಕೊಡೋಕೆ ನಿನಗೇನಾಗಿತ್ತು ಧಾಡಿ?"

"ಸೂಪರ್‌ವೈಸರ್ ಅವಳ ಪಕ್ಕದಲ್ಲೇ ನಿಂತಿದ್ರು. ಬೀಳಿಸ್ದೆ ಅಂತ ಹೇಳ್ಬೇಕಾಗ್ತಿತ್ತು. ಅಕ್ಕಂಗೆ ಏನೂ ಇರಲ್ಲ ಅಂದ್ಕೊಂಡೆ. ಅಕ್ಕಂಗೆ ಯಾವತ್ತೂ ಏನೂ ಆಗಿಲ್ವಲ್ಲ."

ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಕೈ ಟೇಬಲಿಗೆ ಒತ್ತಿ ಹಿಡಿದುಕೊಂಡೆ. "ನೀನಾಗಿ ಹೇಳ್ತೀಯೋ, ನಾನು ಹೇಳ್ಲೋ?"

"ನೀವೂ ಬನ್ನಿ" ಎಂದಳು.

ಆ ಸಂಜೆ ಇಬ್ಬರೂ ಹೋದೆವು. ಅಕ್ಕ ಕಿಟಕಿಯ ಪಕ್ಕದ ಹಳೇ ಮಿಷನ್ನಿಗೆ ಕೂತು ಒಂದು ಪರದೆ ಹೊಲಿಯುತ್ತಿದ್ದಳು, ಆಸ್ಪತ್ರೆಗೆ ಸೇರುವ ಮೊದಲು ಮುಗಿಸಿಬಿಡಬೇಕೆಂದು. ನಮ್ಮನ್ನು ಕಂಡು ಮುಖ ಅರಳಿತು. "ಪುಟ್ಟಿ, ನನ್ನ ಜೊತೆ ಆಸ್ಪತ್ರೇಲಿ ನೀನೇ ಇರ್ಬೇಕು ಕಣೇ. ನಿಮ್ಮ ಭಾವನ್ನ ನಂಬೋ ಹಾಗಿಲ್ಲ, ಅವರು ನನಗಿಂತ ಮೊದಲು ಅಳ್ತಾರೆ."

ಪುಟ್ಟಿ ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಅಕ್ಕ ಹೊಲಿಗೆ ನಿಲ್ಲಿಸಲಿಲ್ಲ. ಪರದೆಯ ಅಂಚು ಮುಗಿಯುವವರೆಗೂ ಮಿಷನ್ ಓಡಿತು. ಆಮೇಲೆ ದಾರ ಕತ್ತರಿಸಿ, ಬಟ್ಟೆ ಮಡಿಸಿ ಪಕ್ಕಕ್ಕಿಟ್ಟಳು.

"ಬಿದ್ದಿದ್ದಕ್ಕೆ ನಾನು ಬೈತಿದ್ನಾ?"

"ಇಲ್ಲಕ್ಕ."

"ಇನ್ನೊಂದು ಸಲ ತೆಗೆದುಕೊಡು ಅಂದಿದ್ರೆ ಆಗಲ್ಲ ಅಂತಿದ್ನಾ?"

"ಇಲ್ಲ." ಪುಟ್ಟಿ ಅಳುತ್ತಿದ್ದಳು. ಅಳುತ್ತಲೇ ಅಂದಳು: "ನೀನೇ ಹೇಳಿಕೊಟ್ಟಿದ್ದಲ್ವಾ ಅಕ್ಕ. ಟಿಕೆಟ್ ತುಂಬಿದ್ರಾಯ್ತು, ಕೈ ಯಾರದ್ದಾದ್ರೇನು ಅಂತ."

ಕಾಜಾ ಅಕ್ಕ ತಂಗಿಯನ್ನು ಯಾರೋ ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿದಳು.

"ಅದು ಬಟ್ಟೆ ಕಣೇ" ಎಂದಳು.

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅಕ್ಕನ ದನಿ ಏರಲಿಲ್ಲ, ಏರಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಟ್ಯೂಬ್ ವಿಷಯ ಬಿಡು. ಹೆದರ್ಕೊಂಡೆ, ಮಾಡ್ದೆ. ಅದನ್ನ ನಾನು ಹೊಟ್ಟೆಗೆ ಹಾಕ್ಕೊಳ್ತೀನಿ. ಸಿಂಕ್ ಹತ್ರ ಕೇಳಿದ್ನಲ್ಲ, ಡಾಕ್ಟರ ಹತ್ರ ಹೋಗ್ಲಾ ಅಂತ. ಆವತ್ತು ನಿನಗೆ ಗೊತ್ತಿತ್ತು. ಆ ಕಾಗದ ನಂದಲ್ಲ ಅಂತ ಈ ಪ್ರಪಂಚದಲ್ಲಿ ನಿನಗೊಬ್ಬಳಿಗೆ ಗೊತ್ತಿತ್ತು. ಹೋಗಕ್ಕ ಅನ್ನೋಕೆ ಆಗ್ಲಿಲ್ವಾ? ಕಾರಣ ಹೇಳ್ಬೇಡ. ಸುಮ್ನೆ ಹೋಗು ಅಂದಿದ್ರೆ ಸಾಕಿತ್ತಲ್ಲೇ."

"ಹೋದ್ರೆ ಗೊತ್ತಾಗಿಬಿಡುತ್ತೆ ಅಂತ..." ಎಂದಳು ಪುಟ್ಟಿ.

"ಒಂದು ವರ್ಷ" ಎಂದಳು ಅಕ್ಕ. "ದಿನಾ ನನ್ನ ಎದುರು ಕೂತು ಊಟ ಮಾಡ್ದೆ."

ಆಮೇಲೆ ನನ್ನ ಕಡೆ ತಿರುಗಿ, "ಚೆಕಿಂಗಮ್ಮ, ಆಸ್ಪತ್ರೇಲಿ ನನ್ನ ಜೊತೆ ನೀವು ಇರ್ತೀರಾ?" ಎಂದು ಕೇಳಿದಳು. ಇರುತ್ತೇನೆ ಎಂದೆ. ಪುಟ್ಟಿ ಬಾಗಿಲಿನಿಂದ ಯಾವಾಗ ಹೋದಳೋ ನಾವು ನೋಡಲಿಲ್ಲ.

ನರ್ಸಮ್ಮನಿಗೆ ನಾನೇ ಹೋಗಿ ಹೇಳಿದೆ. ಅವಳು ಚೀಲ ಕೆಳಗಿಟ್ಟು ಬೆಂಚಿನ ಮೇಲೆ ಕೂತುಬಿಟ್ಟಳು. "ಚೆಲ್ಲಿದ್ರೆ ಹೇಳಿ ಅಂತ ಅಷ್ಟು ಸಲ ಹೇಳಿದ್ನಲ್ಲಮ್ಮ" ಎಂದಳು. ಆ ಟ್ರೇಯಲ್ಲಿ ಬಂದ ಒಂದನ್ನೂ ಇನ್ನು ನಂಬುವ ಹಾಗಿಲ್ಲ ಎಂದು ಮ್ಯಾನೇಜರನ ಹತ್ತಿರ ಜಗಳ ಮಾಡಿ ಇಡೀ ಲೈನಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿದಳು. ಈ ಸಲ ಟ್ರೇ ಇರಲಿಲ್ಲ. ಒಬ್ಬೊಬ್ಬಳೂ ತನ್ನ ಟ್ಯೂಬನ್ನು ತಾನೇ ಕೆಳಗೆ ಒಯ್ದು ಅವಳ ಕೈಗೇ ಕೊಡಬೇಕು. ಯಾರಿಗೂ ಹೊಸದಾಗಿ ಏನೂ ಕಾಣಲಿಲ್ಲ. ಆವತ್ತು ಆ ಟ್ರೇಯಲ್ಲಿ ಸುಳ್ಳಾಗಿದ್ದದ್ದು ಒಂದೇ ಒಂದು. ಪುಟ್ಟಿ ಹಸಿರು ಪಟ್ಟಿ ಬಿಚ್ಚಿ ಆಫೀಸಿನಲ್ಲಿಟ್ಟು ಮತ್ತೆ ಕಫ್ ಹೊಲಿಯಲು ಕೂತಳು.

ಕಾಜಾ ಅಕ್ಕನಿಗೆ ಇಪ್ಪತ್ತೈದು ದಿನ ಹೊರಗಿನಿಂದ ಕರೆಂಟು, ವಾರಕ್ಕೊಮ್ಮೆ ರಕ್ತನಾಳಕ್ಕೆ ಔಷಧಿ, ಆಮೇಲೆ ಒಳಗಿನಿಂದ ಮತ್ತೆ ಕರೆಂಟು. ರಜೆ ಹಾಕಿ ಹಾಕಿ ನಾನು ಜೊತೆಗಿದ್ದೆ, ನಾನಿಲ್ಲದ ದಿನ ಕಾಲರ್ ಹುಡುಗಿ ಇದ್ದಳು. ಪುಟ್ಟಿ ದಿನಾ ಊಟದ ಡಬ್ಬಿ ತಂದು ವಾರ್ಡಿನ ಬಾಗಿಲಲ್ಲಿಟ್ಟು ಹೋಗುವಳು. ಅಕ್ಕ ಅದನ್ನು ಪಕ್ಕದ ಮಂಚದವಳಿಗೆ ಕೊಟ್ಟುಬಿಡುವಳು. ಒಂದು ದಿನ ವಾಂತಿಯಾಗಿ ಸುಸ್ತಾಗಿ ಮಲಗಿದ್ದವಳು ಕಣ್ಣು ಮುಚ್ಚಿಕೊಂಡೇ, "ಅವಳಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಎದ್ದಿರ್ತಿದ್ದೆ ನಾನು" ಎಂದಳು. ಅಷ್ಟೇ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ನಮ್ಮ ಕಾರ್ಖಾನೆಯಲ್ಲಿ ಒಂದು ನಂಬರಿಗೆ ತಿಂಗಳಾನುಗಟ್ಟಲೆ ಬಂಡಲ್ ಬರದಿದ್ದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ. ನಲವತ್ತೊಂದಕ್ಕೆ ಮಾತ್ರ ದಿನಾ ಎರಡು ಬಂಡಲ್ ಬೀಳುತ್ತಿತ್ತು. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಎಡಗಡೆಯ ತುದಿಯಲ್ಲಿ ದಾರ ಒಂದೆಳೆ ಸಡಿಲ. ಪುಟ್ಟಿಯ ಕೈ. ಬೆಳಿಗ್ಗೆ ಒಂದು ಗಂಟೆ ಮೊದಲೇ ಬಂದು ಅಕ್ಕನ ಮಿಷನ್ನಿಗೆ ಕೂರುತ್ತಿದ್ದಳು. ಸೂಪರ್‌ವೈಸರನೂ ಕಂಡು ಕಾಣದವನಂತಿದ್ದ. ನಾನು ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಪಾಸ್ ಮಾಡಿದೆ, ಅಕ್ಕನ ಜಾಗ ಉಳಿಯಲಿ ಎಂದು.

ನಾಲ್ಕೂವರೆ ತಿಂಗಳ ಮೇಲೆ ಅವಳು ಬಂದಳು. ಗಡ್ಡೆ ಕರಗಿದೆ ಎಂದಿದ್ದರು ಡಾಕ್ಟರು, ಆದರೆ ಐದು ವರ್ಷ ತಪ್ಪದೆ ಬಂದು ತೋರಿಸಬೇಕು, ಅಲ್ಲಿಯವರೆಗೆ ಏನೂ ಹೇಳಲಾರೆವು ಎಂದೂ ಹೇಳಿದ್ದರು. ಏಪ್ರನ್ನು ಅವಳ ಮೈಮೇಲೆ ಎರಡು ಸುತ್ತು ಬರುತ್ತಿತ್ತು. ಎಲ್ಲರೂ ಎದ್ದು ನಿಂತರು. ಅವಳು ಯಾರ ಹತ್ತಿರವೂ ಹೋಗದೆ ನೇರ ನನ್ನ ಟೇಬಲಿಗೆ ಬಂದಳು. ಆವತ್ತಿನ ಎರಡು ಬಂಡಲ್ ಅಲ್ಲೇ ಇದ್ದವು, ಟಿಕೆಟ್ಟಿನ ಮೇಲೆ ನಲವತ್ತೊಂದು. ಒಂದು ಅಂಗಿ ಎತ್ತಿ ಕಾಜಾದ ಮೇಲೆ ಹೆಬ್ಬೆರಳು ಆಡಿಸಿದಳು.

"ಇದು ಯಾರ ಕೈ?"

"ನಿನ್ನ ಜಾಗ ಹೋಗ್ಬಾರ್ದು ಅಂತ..."

"ಯಾರ ಕೈ ಅಂತ ಕೇಳ್ದೆ ಚೆಕಿಂಗಮ್ಮ."

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಪ್ರಶ್ನೆಗೆ ಬಾಯಿ ಬಿಟ್ಟು ಉತ್ತರ ಹೇಳಿದೆ. "ನಿನ್ನ ತಂಗೀದು."

ಅವಳು ನನ್ನ ಪೆನ್ನು ತೆಗೆದುಕೊಂಡು ಎರಡೂ ಟಿಕೆಟ್ಟಿನ ಮೇಲಿನ ನಲವತ್ತೊಂದನ್ನು ಹೊಡೆದುಹಾಕಿ, ಪಕ್ಕದಲ್ಲಿ ತಂಗಿಯ ನಂಬರ್ ಬರೆದಳು. ಪುಟ್ಟಿ ಲೈನಿನ ತುದಿಯಿಂದ ಓಡಿಬಂದಳು. ಮುಖ ಒಣಗಿತ್ತು, ಅವಳೂ ಇಳಿದುಹೋಗಿದ್ದಳು.

"ಅಕ್ಕ, ನಿನ್ನ ನಂಬರ್ ಖಾಲಿ ಬೀಳ್ಬಾರ್ದು ಅಂತ ಮಾಡ್ದೆ."

"ಗೊತ್ತು" ಎಂದಳು ಅಕ್ಕ. "ಆವತ್ತೂ ನೀನು ಅದಕ್ಕೇ ಮಾಡಿದ್ದು."

ಹೇಳಿ ತನ್ನ ಮಿಷನ್ನಿಗೆ ಹೋಗಿ ಕೂತಳು. ಔಷಧಿಯಿಂದ ಬೆರಳ ತುದಿಗಳು ಜೋಮು ಹಿಡಿದಿದ್ದವು. ಸೂಜಿಗೆ ದಾರ ಪೋಣಿಸಲು ಐದು ಸಲ ಪ್ರಯತ್ನಪಟ್ಟಳು. ಪಕ್ಕದವಳು ಕೈ ಚಾಚಿದವಳು ಮತ್ತೆ ಹಿಂದಕ್ಕೆ ತೆಗೆದುಕೊಂಡಳು. ಆರನೇ ಸಲಕ್ಕೆ ದಾರ ಹೋಯಿತು. ಅವಳು ಒಂದೇ ಒಂದು ಅಂಗಿ ಹೊಲಿದು, ಎದ್ದು, ಸಾಲಿನುದ್ದಕ್ಕೂ ನಡೆದು ಬಂದು ನನ್ನ ಮುಂದೆ ಹಾಕಿದಳು.

ನೋಡಿದೆ. ಏಳರಲ್ಲಿ ಮೂರು ಸೊಟ್ಟ, ಒಂದು ಗೆರೆ ಬಿಟ್ಟು ಹೊರಗೆ ಹೋಗಿತ್ತು. ಇಡೀ ಲೈನು ಮಿಷನ್ ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು. ಕಣ್ಣು ಮಂಜಾಗಿ ಅಂಗಿ ಕಾಣದಂತಾಯಿತು. ಆದರೂ ಈ ಸಲ ನಾನು ಸುಳ್ಳು ಹೇಳುವವಳಲ್ಲ. ಕೆಂಪು ಸ್ಟಿಕ್ಕರ್ ತೆಗೆದು ಅಂಟಿಸಿದೆ.

"ರಿಜೆಕ್ಟು" ಎಂದೆ.

ಕಾಜಾ ಅಕ್ಕ ಅಂಗಿಯನ್ನು ಎತ್ತಿ ಆ ಸೊಟ್ಟ ಹೊಲಿಗೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ಇರ್ಲಿ" ಎಂದಳು. "ಇದು ನಂದು."

ಅದನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ದಾರಿಯಲ್ಲಿ ನಿಂತಿದ್ದ ಪುಟ್ಟಿಯ ಪಕ್ಕದಿಂದ ಹಾದು ತನ್ನ ಜಾಗಕ್ಕೆ ಹೋದಳು.